ನಿಮಿಷಕ್ಕೆ ಎಂಟು ಸಾವಿರ ಸುತ್ತು: ಕಳೆ ಯಂತ್ರದ ಪಿಸ್ಟನ್ ಎಷ್ಟು ತಾಳುತ್ತದೆ?

2006ರಲ್ಲಿ ನೀರಿಗಿಳಿದ ‘ಎಮ್ಮಾ ಮೇರ್ಸ್ಕ್’ ಎಂಬ ಕಂಟೇನರ್ ಹಡಗಿನ ಎಂಜಿನ್ನಿಗೆ 14 ಸಿಲಿಂಡರುಗಳು. ಒಂದೊಂದರ ಒಳವ್ಯಾಸ (ಬೋರ್) 96 ಸೆಂಟಿಮೀಟರ್. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸಾಗುವ ದೂರ, ಅಂದರೆ ಸ್ಟ್ರೋಕ್, ಎರಡೂವರೆ ಮೀಟರ್. ಪೂರ್ತಿ ಓಟದಲ್ಲಿ ಅದು ನಿಮಿಷಕ್ಕೆ 102 ಸುತ್ತು ತಿರುಗುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ 43 ಸಿಸಿ ಯಂತ್ರದ ಸ್ಟ್ರೋಕ್ ಬರೀ 34 ಮಿಲಿಮೀಟರ್, ಸುತ್ತು 7,500ರ ಆಸುಪಾಸು. ಎರಡೂ ಟೂ ಸ್ಟ್ರೋಕ್ ಎಂಜಿನ್‌ಗಳೇ. ಪಿಸ್ಟನ್ನಿನ ಸರಾಸರಿ ವೇಗವನ್ನು ಲೆಕ್ಕ ಹಾಕಿ ನೋಡಿ, ಎರಡರದ್ದೂ ಒಂದೇ: ಸೆಕೆಂಡಿಗೆ ಎಂಟೂವರೆ ಮೀಟರ್.

ಲೆಕ್ಕ ಬಹಳ ಸುಲಭದ್ದು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಹಾಗಾಗಿ ಸ್ಟ್ರೋಕನ್ನು ಮೀಟರಿನಲ್ಲಿ ಬರೆದು ಎರಡರಿಂದ ಗುಣಿಸಿ, ನಿಮಿಷದ ಸುತ್ತಿನಿಂದ ಗುಣಿಸಿ, 60ರಿಂದ ಭಾಗಿಸಿದರೆ ಆಯಿತು. 0.034 ಗುಣಿಸು 2 ಗುಣಿಸು 7,500 ಭಾಗಿಸು 60. ಉತ್ತರ 8.5.

ಹಡಗಿನ ಎಂಜಿನ್ ವರ್ಷಗಟ್ಟಲೆ ದುಡಿಯುತ್ತದೆ. ಕಳೆ ಯಂತ್ರ ಎರಡನೇ ಮಳೆಗಾಲಕ್ಕೇ ಪಿಸ್ಟನ್ ಹಿಡಿದುಕೊಂಡು ಮೆಕ್ಯಾನಿಕ್ಕಿನ ಬೆಂಚು ಸೇರುವುದೂ ಉಂಟು. ಪಿಸ್ಟನ್ ವೇಗ ಒಂದೇ ಆಗಿದ್ದರೂ ಬಾಳಿಕೆ ಏಕೆ ಹೀಗೆ? ಹಡಗಿಗೆ ನೀರಿನ ಶೀತಲೀಕರಣವಿದೆ, ಸಿಲಿಂಡರಿಗೆ ಬೇರೆಯದೇ ಎಣ್ಣೆ ಪಂಪು ಇದೆ, ಸುತ್ತನ್ನು ಕಾಯುವ ಗವರ್ನರ್ ಇದೆ. ಕಳೆ ಯಂತ್ರಕ್ಕೆ ಈ ಮೂರೂ ಇಲ್ಲ. ಮೂರರ ಕೆಲಸವೂ ಬಿದ್ದಿರುವುದು ಟ್ರಿಗರ್ ಹಿಡಿದವರ ಬೆರಳಿನ ಮೇಲೆ, ಪೆಟ್ರೋಲಿಗೆ ಆಯಿಲ್ ಬೆರೆಸುವವರ ಅಳತೆಯ ಮೇಲೆ.

ಸಿಸಿ ಬಿಟ್ಟು ಸ್ಟ್ರೋಕ್ ನೋಡಿ

ಎಂಜಿನ್ನಿನ ಮೇಲೆ ಬೀಳುವ ಹೊರೆಗೆ ಸುತ್ತಿನ ಸಂಖ್ಯೆಯೊಂದೇ ಒಳ್ಳೆಯ ಅಳತೆಗೋಲಲ್ಲ. ಸಣ್ಣ ಎಂಜಿನ್ನಿಗೆ ಹತ್ತು ಸಾವಿರ ಸುತ್ತು ಮಾಮೂಲು, ದೊಡ್ಡದಕ್ಕೆ ಅದೇ ಸಾವು. ಒಂದೇ ಆಕಾರದ ಎರಡು ಎಂಜಿನ್‌ಗಳನ್ನು, ಒಂದು ಚಿಕ್ಕದು ಒಂದು ದೊಡ್ಡದು, ಪಕ್ಕಪಕ್ಕ ಇಟ್ಟರೆ ಅವುಗಳ ಲೋಹದ ಮೇಲೆ ಬೀಳುವ ಎಳೆತ ಸಮನಾಗುವುದು ಪಿಸ್ಟನ್ ವೇಗ ಸಮನಾದಾಗ. ಆ ಎಳೆತ ಪಿಸ್ಟನ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ನಮಗೆ ಗೊತ್ತಿರುವ ಎಂಜಿನ್‌ಗಳನ್ನೇ ಈ ಅಳತೆಗೆ ಹಿಡಿಯೋಣ. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರಿಕೊಂಡು ಓಡಾಡಿದ ಹಳೆಯ ಟೂ ಸ್ಟ್ರೋಕ್ ಟಿವಿಎಸ್ ಎಕ್ಸ್ಎಲ್‌ನ ಸ್ಟ್ರೋಕ್ 42 ಮಿಲಿಮೀಟರ್, ಗರಿಷ್ಠ ಶಕ್ತಿ 5,000 ಸುತ್ತಿನಲ್ಲಿ. ಪಿಸ್ಟನ್ ವೇಗ ಸೆಕೆಂಡಿಗೆ ಬರೀ 7 ಮೀಟರ್. ಆ ಗಾಡಿ ಯಾಕೆ ಅಷ್ಟು ಕಾಲ ಬಾಳುತ್ತಿತ್ತು ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ 250 ಸಿಸಿ ಜಾವಾದ್ದು 75 ಮಿಲಿಮೀಟರಿನ ಉದ್ದ ಸ್ಟ್ರೋಕ್. 4,750 ಸುತ್ತಿಗೆ ಅದು 11.9 ಮೀಟರ್ ಮುಟ್ಟುತ್ತದೆ. ಆರ್‌ಎಕ್ಸ್ 100 ಬೈಕಿನ ಬೋರೂ ಸ್ಟ್ರೋಕೂ ತಲಾ 50 ಮಿಲಿಮೀಟರ್. ಅದು 7,500 ಸುತ್ತಿನಲ್ಲಿ 12.5 ಮೀಟರ್. ಕೇಳುವ ಕಿವಿಗೆ ಜಾವಾದ್ದು ಸಾವಧಾನದ ಗುಡುಗುಡು, ಆರ್‌ಎಕ್ಸ್‌ದು ಕಿರುಚಾಟ. ಆದರೆ ಪೂರ್ತಿ ತಿರುವಿದಾಗ ಎರಡರ ಪಿಸ್ಟನ್ನೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಇನ್ನೊಂದು ತುದಿಗೆ ಗ್ರ್ಯಾಂಡ್ ಪ್ರಿ ಪಂದ್ಯಗಳ 125 ಸಿಸಿ ಟೂ ಸ್ಟ್ರೋಕ್‌ಗಳಿದ್ದವು: 54.5 ಮಿಲಿಮೀಟರ್ ಸ್ಟ್ರೋಕ್, 13,000 ಸುತ್ತು, ಸೆಕೆಂಡಿಗೆ 23.6 ಮೀಟರ್. ಕೆಲವೇ ನೂರು ಕಿಲೋಮೀಟರಿಗೆ ಅವುಗಳ ಪಿಸ್ಟನ್ ಬಿಚ್ಚಿ ಎಸೆಯುತ್ತಿದ್ದರು.

ಈಗ ಕಳೆ ಯಂತ್ರ. 6,500 ಸುತ್ತಿನಲ್ಲಿ 7.4 ಮೀಟರ್, 10,000ದಲ್ಲಿ 11.3. ಸಂಖ್ಯೆ ನೋಡಿದರೆ ಬೈಕಿಗಿಂತ ಕಡಿಮೆಯೇ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ದುಡಿಮೆಯ ರೀತಿಯಲ್ಲಿ. ಆರ್‌ಎಕ್ಸ್ ಓಡಿಸುವವರು ದಿನವಿಡೀ 12.5ರಲ್ಲಿ ಓಡಿಸುವುದಿಲ್ಲ. ಟಾಪ್ ಗೇರಿನಲ್ಲಿ 60ರ ವೇಗಕ್ಕೆ ಎಂಜಿನ್ ಸುಮಾರು 5 ಸಾವಿರದ ಆಸುಪಾಸಿನಲ್ಲಿರುತ್ತದೆ, ಎದುರಿನಿಂದ ಗಾಳಿಯೂ ಬಡಿಯುತ್ತಿರುತ್ತದೆ. ಕಳೆ ಹೊಡೆಯುವವರು ಬೆಳಿಗ್ಗೆ ಟ್ರಿಗರ್ ಒತ್ತಿದರೆ ಟ್ಯಾಂಕ್ ಖಾಲಿಯಾಗುವ ತನಕ ಒತ್ತಿಯೇ ಇರುತ್ತಾರೆ. ಗಂಟೆ ಲೆಕ್ಕದ ಕೆಲಸವಾದರಂತೂ ಹೇಳುವುದೇ ಬೇಡ.

ಹತ್ತು ಸಾವಿರ ಸುತ್ತು ಎಂದರೆ ಒಳಗೆ ಏನಾಗುತ್ತಿರುತ್ತದೆ? ಪಿಸ್ಟನ್ ಸೆಕೆಂಡಿಗೆ 333 ಸಲ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡುತ್ತದೆ. ಅದು ಮೇಲಿನ ತುದಿ ಮುಟ್ಟಿ ತಿರುಗುವ ಕ್ಷಣದ ವೇಗೋತ್ಕರ್ಷ ಗುರುತ್ವದ ಸುಮಾರು 2,400 ಪಟ್ಟು. ಪಿನ್ನು, ರಿಂಗು ಸೇರಿ ಪಿಸ್ಟನ್ 80 ಗ್ರಾಂ ಇದೆ ಎಂದುಕೊಳ್ಳಿ. ಆ ಕ್ಷಣದಲ್ಲಿ ಅದು ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ 190 ಕಿಲೋ ದಾಟುತ್ತದೆ. 7,000 ಸುತ್ತಿಗೆ ಇಳಿಸಿ, ಅದೇ ಬಲ 95 ಕಿಲೋಗೆ ಬಂದು ನಿಲ್ಲುತ್ತದೆ. ಸುತ್ತು ಹತ್ತರಲ್ಲಿ ಮೂರು ಭಾಗ ಇಳಿಯಿತು ಅಷ್ಟೆ, ಜಗ್ಗಾಟ ಅರ್ಧಕ್ಕರ್ಧ ತಗ್ಗಿತು. ಹುಲ್ಲು ಕತ್ತರಿಸುವ ಕೆಲಸದಲ್ಲಿ ಈ ಎರಡರ ನಡುವೆ ಅಂಥ ಅಂತರವೇನೂ ಕಾಣುವುದಿಲ್ಲ.

ಕೆಲಸವಿಲ್ಲದ ಓಟವೇ ಅಪಾಯದ್ದು

ಹುಲ್ಲಿಗೆ ತಾಗಿದಾಗ ಯಂತ್ರದ ದನಿ ಇಳಿಯುತ್ತದೆ, ಮೇಲೆತ್ತಿದಾಗ ಏರುತ್ತದೆ. ತುಂಬ ಮಂದಿ ಕೆಲಸದ ಹೊರೆಯೇ ಎಂಜಿನ್ನಿಗೆ ಕಷ್ಟ ಎಂದುಕೊಂಡಿರುತ್ತಾರೆ. ಹದವಾದ ಹೊರೆ ನಿಜಕ್ಕೂ ಎಂಜಿನ್ನಿಗೆ ಕಡಿವಾಣ. ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ನಡೆಯುವಾಗ, ಯಾರೊಡನೆಯೋ ಮಾತಿಗೆ ನಿಂತಾಗ, ಟ್ರಿಗರ್ ಪೂರ್ತಿ ಒತ್ತಿಕೊಂಡೇ ಇದ್ದರೆ ಸುತ್ತು 10 ಸಾವಿರದ ಮೇಲಕ್ಕೂ ಹೋಗುತ್ತದೆ. ಟ್ಯಾಂಕೊಂದು ಮುಗಿಯುವಷ್ಟರಲ್ಲಿ ಇಂಥ ನಿಮಿಷಗಳು ಎಷ್ಟು ಸೇರುತ್ತವೆ ಎಂದು ಒಮ್ಮೆ ಗಮನಿಸಿ ನೋಡಿ. ಮೇಲೆತ್ತಿದ ಕೂಡಲೇ ಬೆರಳು ಸಡಿಲಿಸುವುದನ್ನು ಕೈಗೆ ಕಲಿಸುವುದು ಖರ್ಚಿಲ್ಲದ ರಿಪೇರಿ.

ನೈಲಾನ್ ದಾರ ಬಳಸುವವರು ಅದರ ಉದ್ದವನ್ನೂ ಗಮನಿಸಬೇಕು. ದಾರ ಗಾಳಿಯನ್ನು ಸೀಳುತ್ತ ತಾನೇ ಒಂದು ಬ್ರೇಕು ಆಗಿರುತ್ತದೆ. ಸವೆದು ಗಿಡ್ಡವಾದರೆ ಬ್ರೇಕು ಹೋಯಿತು, ಎಂಜಿನ್ ಎಗರುತ್ತದೆ. ಗಾರ್ಡಿನ ಅಂಚಿನಲ್ಲಿ ದಾರವನ್ನು ಅಳತೆಗೆ ಕತ್ತರಿಸಲೆಂದೇ ಒಂದು ಸಣ್ಣ ಬ್ಲೇಡು ಇರುತ್ತದೆ. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಗಾರ್ಡನ್ನೇ ಬಿಚ್ಚಿಟ್ಟರೆ ದಾರ ಮಿತಿಮೀರಿ ಉದ್ದವಾಗುತ್ತದೆ. ಆಗ ಎಂಜಿನ್ ಏದುಸಿರು ಬಿಡುತ್ತ ಕಡಿಮೆ ಸುತ್ತಿನಲ್ಲಿ ಪೂರ್ತಿ ಟ್ರಿಗರಿನ ಮೇಲೆ ದುಡಿಯಬೇಕಾಗುತ್ತದೆ. ಇದೂ ಕೆಟ್ಟದ್ದೇ. ಸಿಲಿಂಡರನ್ನು ತಣಿಸುವುದು ಫ್ಲೈವೀಲಿಗೆ ಸೇರಿದ ಫ್ಯಾನು, ಸುತ್ತು ಕಡಿಮೆಯಾದರೆ ಅದರ ಗಾಳಿಯೂ ಕಡಿಮೆ. ಕ್ಲಚ್ ಜಾರಿ ಸುಡುವುದು ಬೇರೆ. ಕಲ್ಲು ಸಿಡಿದು ಕಾಲಿಗೆ ಬಡಿಯುವ ಮಾತನ್ನು ಇಲ್ಲಿ ಎತ್ತುವುದಿಲ್ಲ, ಗಾರ್ಡು ಬಿಚ್ಚುವವರಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ.

ಹಾಗಾದರೆ ಸುತ್ತು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರುಗಳು ಸಿಗುತ್ತವೆ. ಅದಿಲ್ಲದಿದ್ದರೆ ಕಿವಿ ಸಾಕು. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುವುದರಿಂದ, ಸೈಲೆನ್ಸರಿನ ದನಿ ಎಷ್ಟು ಹರ್ಟ್ಸ್ ಇದೆಯೋ ಅದನ್ನು 60ರಿಂದ ಗುಣಿಸಿದರೆ ಸುತ್ತು ಸಿಗುತ್ತದೆ. ಸಂಗೀತದವರು ಶ್ರುತಿ ಸೇರಿಸಲು ಬಳಸುವ ಮೊಬೈಲ್ ಆ್ಯಪ್ ಇದನ್ನು ತೋರಿಸುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಆ್ಯಪೂ ಬೇಡ. ಗಂಡಸರು ಹಾಡುವ ಸ್ಥಾಯಿಯ ‘ಬಿಳಿ ಒಂದು’ ಸುಮಾರು 131 ಹರ್ಟ್ಸ್, ಅಂದರೆ 7,850 ಸುತ್ತು. ‘ಕಪ್ಪು ಎರಡು’ ಎಂದರೆ 9,300ಕ್ಕೂ ಮೇಲೆ. ಯಂತ್ರ ಬಿಳಿ ಒಂದರಿಂದ ಕಪ್ಪು ಎರಡಕ್ಕೆ ಏರಿದರೆ ಒಳಗಿನ ಎಳೆತ ಶೇ. 40ರಷ್ಟು ಏರಿತು ಎಂದೇ ಲೆಕ್ಕ. ಯಕ್ಷಗಾನದ ಭಾಗವತರೊಬ್ಬರ ತೋಟದ ಯಂತ್ರ ಎಲ್ಲರ ಯಂತ್ರಕ್ಕಿಂತ ಹೆಚ್ಚು ಬಾಳಬೇಕು, ನ್ಯಾಯವಾಗಿ.

ಪೆಟ್ರೋಲಿನ ಜೊತೆಗೇ ಬರುವ ಎಣ್ಣೆ

ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಮಾತ್ರ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು. ಟೂ ಸ್ಟ್ರೋಕ್‌ಗಳ ಅರ್ಧ ಕಥೆ ಈ ಒಂದು ಮಾತಿನಲ್ಲಿದೆ.

ಕಾರ್ಬುರೇಟರಿನ ಪಕ್ಕದಲ್ಲಿ ‘ಎಚ್’ ಎಂದು ಗುರುತು ಮಾಡಿದ ಸ್ಕ್ರೂ ಇದ್ದರೆ, ಪೂರ್ತಿ ಟ್ರಿಗರಿನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಸರಿಯಾಗಿ ಹೊಂದಿಸಿದ ಯಂತ್ರ ಹೊರೆಯಿಲ್ಲದೆ ಪೂರ್ತಿ ಟ್ರಿಗರಿನಲ್ಲಿ ಓಡುವಾಗ ಸ್ವಲ್ಪ ಬುರುಬುರು ಎನ್ನುತ್ತದೆ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿದಂತೆ. ಹುಲ್ಲಿಗೆ ತಾಗಿಸಿದ ಕೂಡಲೇ ಆ ತೊದಲು ಮಾಯವಾಗಿ ದನಿ ಶುದ್ಧವಾಗುತ್ತದೆ. ಆ ಬುರುಬುರು ದೋಷವಲ್ಲ. ಹೊರೆಯಿಲ್ಲದಾಗ ಸುತ್ತು ಮಿತಿಮೀರದಂತೆ ಹೆಚ್ಚಿನ ಪೆಟ್ರೋಲೇ ತಡೆಯುತ್ತಿರುತ್ತದೆ, ಜೊತೆಗೆ ಪಿಸ್ಟನ್ನನ್ನು ತಣ್ಣಗಿಡುತ್ತದೆ. “ಮೆಷಿನ್ ಕ್ಲೀನಾಗಿ ಕೂಗ್ತಾ ಇಲ್ಲ” ಎಂದು ದೂರು ಕೊಟ್ಟಾಗ ಮೆಕ್ಯಾನಿಕ್ ಎಚ್ ಸ್ಕ್ರೂವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸುತ್ತಾನೆ. ಯಂತ್ರ ಸೊಗಸಾಗಿ ಕೂಗುತ್ತದೆ, ಗಿರಾಕಿಗೆ ಖುಷಿ. ಸುತ್ತು ಏರಿತು, ಬಿಸಿ ಏರಿತು, ಎಣ್ಣೆ ಇಳಿಯಿತು: ಮೂರೂ ಒಂದೇ ಸಲ. ಸ್ಕ್ರೂ ತಿರುಗಿಸುವ ಮುನ್ನ ಏರ್ ಫಿಲ್ಟರ್ ತೆಗೆದು ತೊಳೆಯಿರಿ. ಬುರುಬುರು ಅತಿಯಾಗಿದ್ದರೆ ಅನೇಕ ಸಲ ಕಾರಣ ಅದೇ ಆಗಿರುತ್ತದೆ.

ಇದೇ ನಿಯಮ ಘಾಟಿ ಇಳಿಯುವ ಹಳೆಯ ಬೈಕಿಗೂ ಅನ್ವಯಿಸುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಟೂ ಸ್ಟ್ರೋಕಿನಲ್ಲಿ ಇಳಿಯುವವರು ಗೇರಿನಲ್ಲೇ ಇಟ್ಟು ಎಕ್ಸಿಲರೇಟರ್ ಪೂರ್ತಿ ಮುಚ್ಚುತ್ತಾರೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಪಿಸ್ಟನ್ ಓಡುತ್ತಲೇ ಇರುತ್ತದೆ, ಎಣ್ಣೆ ಮಾತ್ರ ತೊಟ್ಟಿಕ್ಕುವಷ್ಟೇ. ಇಳಿಜಾರಿನಲ್ಲಿ ಆಗಾಗ ಒಂದು ಕ್ಷಣ ಎಕ್ಸಿಲರೇಟರ್ ತೆರೆದು ಮುಚ್ಚಿದರೆ ಸಿಲಿಂಡರಿಗೆ ಒಂದು ಗುಟುಕು ಎಣ್ಣೆ ಹೋಗುತ್ತದೆ. ಹೊಗೆ ಬರುತ್ತದೆ, ಬರಲಿ.

ಬೆರೆಸುವ ಲೆಕ್ಕ ಗೊಂದಲಕ್ಕೆ ಎಡೆಯಿಲ್ಲದ್ದು. 1:25 ಎಂದರೆ ಲೀಟರಿಗೆ 40 ಮಿಲಿಲೀಟರ್, 1:40 ಎಂದರೆ 25, 1:50 ಎಂದರೆ 20. ಯಂತ್ರದ ಜೊತೆ ಬಂದ ಪುಸ್ತಕ ಯಾವುದನ್ನು ಹೇಳುತ್ತದೋ ಅದನ್ನೇ ಹಾಕಿ. ಮುಚ್ಚಳದ ಅಳತೆ ಬೇಡ, ಔಷಧಿ ಬಾಟಲಿಯ ಗುರುತಿರುವ ಲೋಟ ಹತ್ತು ರೂಪಾಯಿಗೂ ಸಿಗುತ್ತದೆ. “ಇನ್ನೊಂದಿಷ್ಟು ಇರಲಿ” ಎಂದು ಸುರಿಯುವುದರಿಂದ ಸೈಲೆನ್ಸರಿನ ಬಾಯಿಗೆ ಇದ್ದಿಲು ಕಟ್ಟುತ್ತದೆ. ಆಯಿಲ್ ಡಬ್ಬಿಯ ಮೇಲೆ ‘ಜಾಸೋ ಎಫ್‌ಸಿ’ ಅಥವಾ ‘ಎಫ್‌ಡಿ’ ಎಂದು ಇದೆಯೇ ನೋಡಿ, ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅದು ಹೊಂದುತ್ತದೆ. ಕರಾವಳಿಯವರಿಗೆ ಒಂದು ಮಾತು: ನಾಡದೋಣಿಯ ಔಟ್‌ಬೋರ್ಡಿಗೆ ತಂದ ‘ಟಿಸಿ-ಡಬ್ಲ್ಯೂ3’ ಆಯಿಲನ್ನು ಮನೆಯ ಕಳೆ ಯಂತ್ರಕ್ಕೆ ಹಾಕಬೇಡಿ. ಅದು ನೀರಿನಿಂದ ತಣಿಯುವ, ಕಡಿಮೆ ಬಿಸಿಯ ಎಂಜಿನ್ನಿಗೆ ಮಾಡಿದ್ದು.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದು ಇನ್ನೊಂದು ತಲೆನೋವು. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ತೇವದ್ದು. ಎಥನಾಲ್ ನೀರನ್ನು ಹೀರುತ್ತದೆ, ಹೆಚ್ಚು ಹೀರಿದಾಗ ನೀರು ಸೇರಿದ ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಕೂತಿರುವುದು ತಳದಲ್ಲಿ! ಎಂಜಿನ್ ಚಾಲೂ ಆಗಬಹುದು, ಎಣ್ಣೆ ಮಾತ್ರ ಒಳಹೋಗುವುದಿಲ್ಲ. ಬೆರೆಸಿದ್ದನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ಇಡಬೇಡಿ. ಇಟ್ಟದ್ದನ್ನು ಬಳಸುವ ಮುನ್ನ ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ, ಪದರ ಕಂಡರೆ ಚೆಲ್ಲಿ.

ಸೈಲೆನ್ಸರ್ ಬಿಚ್ಚಿದರೆ ಜಾತಕ ಕಾಣುತ್ತದೆ

ವರ್ಷಕ್ಕೊಮ್ಮೆ ಎರಡು ಬೋಲ್ಟ್ ಬಿಚ್ಚಿ ಸೈಲೆನ್ಸರ್ ತೆಗೆಯಿರಿ, ಪ್ಲಗ್ ಕಳಚಿ. ಹಗ್ಗವನ್ನು ಮೆಲ್ಲಗೆ ಎಳೆಯುತ್ತ, ತೂತಿನ ಮೂಲಕ ಟಾರ್ಚ್ ಬಿಟ್ಟು ಪಿಸ್ಟನ್ನಿನ ಮೈ ನೋಡಿ. ನಯವಾಗಿ ಹೊಳೆಯುತ್ತ, ತಯಾರಿಕೆಯ ಸಣ್ಣ ಗೆರೆಗಳು ಅಡ್ಡಡ್ಡವಾಗಿ ಉಳಿದಿದ್ದರೆ ಆರೋಗ್ಯ ಚೆನ್ನಾಗಿದೆ. ಉದ್ದುದ್ದ ಗೀರು ಸೈಲೆನ್ಸರಿನ ಕಡೆ ಮಾತ್ರ ಇದ್ದರೆ ಬಿಸಿ ಹೆಚ್ಚಾಗಿದೆ: ಮಿಶ್ರಣ ತೆಳು, ಇಲ್ಲವೇ ಸುತ್ತು ಅತಿ, ಇಲ್ಲವೇ ಫಿನ್ನುಗಳ ಸಂದಿಯಲ್ಲಿ ಹುಲ್ಲು ಮೆತ್ತಿದೆ. ಸುತ್ತಲೂ ಗೀರಿದ್ದರೆ ಎಣ್ಣೆಯಿಲ್ಲದ ಪೆಟ್ರೋಲ್ ಹೋಗಿದೆ, ಅದರಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ಕಾರ್ಬುರೇಟರ್ ತೆಗೆದು ಆ ಕಡೆಯಿಂದ ನೋಡಿದಾಗ ಮೈ ಬೂದುಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಧೂಳು. ಬೇಸಗೆಯ ಒಣಹುಲ್ಲು ಹೊಡೆಯುವವರಿಗೆ ಇದು ಮಾಮೂಲು ರೋಗ. ಫಿಲ್ಟರಿನ ಸ್ಪಂಜನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ, ನಾಲ್ಕು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಿದರೆ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ.

ಕೊಳ್ಳುವಾಗ ಎಷ್ಟು ಗಂಟೆ ಬಾಳಿಕೆ ಎಂದು ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಮಾರುವ ಕೈಯಂತ್ರಗಳ ಲೇಬಲ್ಲಿನಲ್ಲಿ ಹೊಗೆಯ ಮಿತಿಯನ್ನು ಎಷ್ಟು ಗಂಟೆ ಕಾಯ್ದುಕೊಳ್ಳಬೇಕು ಎಂದು ಬರೆದಿರುತ್ತದೆ: 50, 125 ಅಥವಾ 300 ಗಂಟೆ. ಅದು ಎಂಜಿನ್ನಿನ ಆಯುಸ್ಸಲ್ಲ, ಆದರೂ ತಯಾರಕರು ಯಾವ ಯಂತ್ರವನ್ನು ಯಾರಿಗಾಗಿ ಮಾಡಿದ್ದಾರೆ ಎಂಬ ಅಂದಾಜು ಸಿಗುತ್ತದೆ. ದಿನಕ್ಕೆ ಐದು ಗಂಟೆ ದುಡಿಸಿದರೆ 50 ಗಂಟೆ ಹತ್ತು ದಿನದ ಮಾತು. ಇಂಥ ಲೇಬಲ್ ಕಂಡರೆ ಓದಿ.

ಇನ್ನು ಸಿಸಿ. ಮಾರುಕಟ್ಟೆಯ ಅಗ್ಗದ ಚೀನೀ ಮಾದರಿಯ ಯಂತ್ರಗಳ ಕ್ರ್ಯಾಂಕ್‌ಕೇಸ್ ಮೇಲೆ ‘1ಇ40ಎಫ್’, ‘1ಇ44ಎಫ್’ ಎಂಬಂಥ ಗುರುತು ಇರುತ್ತದೆ. ಒಂದು ಸಿಲಿಂಡರ್, ಟೂ ಸ್ಟ್ರೋಕ್, ಬೋರ್ 40 ಅಥವಾ 44 ಮಿಲಿಮೀಟರ್, ಗಾಳಿಯಿಂದ ತಣಿಯುವುದು ಎಂದು ಅದರ ಅರ್ಥ. ಎರಡರ ಸ್ಟ್ರೋಕೂ ಸಾಮಾನ್ಯವಾಗಿ 34 ಮಿಲಿಮೀಟರೇ, ಅಂದರೆ ಮೊದಲನೆಯದು 43 ಸಿಸಿ, ಎರಡನೆಯದು 52. ಸ್ಟಿಕ್ಕರಿನಲ್ಲಿ 63 ಎಂದು ಮೆರೆಯುತ್ತಿದ್ದರೂ ಒಳಗೆ 44 ಎಂದಿದ್ದರೆ ಅದು 52ರದ್ದೇ. ನನ್ನ ಸಲಹೆ ಕೇಳಿದರೆ, ದಿನವಿಡೀ ದುಡಿಸುವವರು 52 ಸಿಸಿಯದನ್ನು ಕೊಂಡು ಮುಕ್ಕಾಲು ಟ್ರಿಗರಿನಲ್ಲಿ ಓಡಿಸುವುದು, 43ರದ್ದನ್ನು ಪೂರ್ತಿ ಒತ್ತಿ ಓಡಿಸುವುದಕ್ಕಿಂತ ವಾಸಿ. ಆದರೆ 52ರ ಪಿಸ್ಟನ್ ಭಾರ ಹೆಚ್ಚು. ಅದನ್ನೂ ಪೂರ್ತಿ ಒತ್ತಿಯೇ ಓಡಿಸುವವರು ದುಡ್ಡು ಕೊಟ್ಟು ಹೆಚ್ಚಿನ ಜಗ್ಗಾಟವನ್ನು ಕೊಂಡಂತೆ.

ಎಂಜಿನ್ ಸೀಜ್ ಆದರೆ ಜಾವಾದ ಬೀಡಿನ ಸಿಲಿಂಡರಿಗೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುತ್ತಿದ್ದಂತೆ ಇದಕ್ಕೆ ಮಾಡಲು ಬರುವುದಿಲ್ಲ. ಹೆಚ್ಚಿನವು ಒಳಗೆ ಕ್ರೋಮ್ ಲೇಪನವಿರುವ ಅಲ್ಯುಮಿನಿಯಂ ಸಿಲಿಂಡರುಗಳು. ಲೇಪನ ಕಿತ್ತರೆ ಸಿಲಿಂಡರೂ ಪಿಸ್ಟನ್ನೂ ಸೇರಿದ ಕಿಟ್ಟನ್ನೇ ಹಾಕಬೇಕು. ಹೊಸ ಕಿಟ್ ಕೂರಿಸುವ ದಿನವೇ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್, ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟ್, ಪೆಟ್ರೋಲ್ ಪೈಪು ಇಷ್ಟನ್ನೂ ಬದಲಿಸಿ. ಇವುಗಳ ಬಿರುಕಿನಿಂದ ಕಳ್ಳಗಾಳಿ ನುಗ್ಗಿ ಮಿಶ್ರಣ ತೆಳುವಾದದ್ದರಿಂದಲೇ ಹಳೆಯ ಪಿಸ್ಟನ್ ಹೋಗಿದ್ದರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಚಾಲೂ ಮಾಡಿದಾಗ ಸ್ಲೋ ನಿಲ್ಲದೆ ತಾನಾಗಿ ಏರಿಳಿಯುತ್ತಿದ್ದರೆ ಗಾಳಿ ಇನ್ನೂ ಎಲ್ಲೋ ನುಗ್ಗುತ್ತಿದೆ ಎಂದು ತಿಳಿದು, ತೋಟಕ್ಕೆ ಒಯ್ಯದೆ ಮೆಕ್ಯಾನಿಕ್ಕಿನ ಕೈಗೇ ವಾಪಸ್ಸು ಕೊಡಿ. ಸ್ಲೋ ಸರಿ ನಿಂತರೆ ಮೊದಲ ಎರಡು ಮೂರು ಟ್ಯಾಂಕು ಅರ್ಧ ಟ್ರಿಗರಿನ ಆಸುಪಾಸಿನಲ್ಲಿ, ಏರಿಸುತ್ತ ಇಳಿಸುತ್ತ ಓಡಿಸಿ. ನಿಲ್ಲಿಸುವ ಮುನ್ನ ಪ್ರತಿ ಸಲವೂ ಅರ್ಧ ನಿಮಿಷ ಸ್ಲೋನಲ್ಲಿ ಬಿಡಿ.